ಶಾಲೆಗಳಿಗೆ ಜೋಡಿ ಕಟ್ಟುವ ಲೆಕ್ಕ

ಮೈಸೂರು ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುವ ಕಾರ್ಯಕ್ರಮ ನಡೆಯುತ್ತದೆ. ಊರೂರಿನ ಪೈಲ್ವಾನರು ಬಂದು ನಿಲ್ಲುತ್ತಾರೆ. ಗರಡಿಯ ಹಿರಿಯರು ಒಬ್ಬೊಬ್ಬರ ಮೈಕಟ್ಟು, ತೂಕ, ವಯಸ್ಸು, ಹಿಂದೆ ಆಡಿದ ಕುಸ್ತಿ ಎಲ್ಲವನ್ನೂ ನೋಡಿ ಯಾರ ಎದುರು ಯಾರು ಎಂದು ತೀರ್ಮಾನಿಸುತ್ತಾರೆ. ಜೋಡಿ ಸರಿಯಾಗಿ ಬಿದ್ದರೆ ಸೋತವನಿಗೂ ಚಪ್ಪಾಳೆ ಸಿಗುತ್ತದೆ. ತಪ್ಪಿದರೆ ಗೆದ್ದವನನ್ನೂ ಜನ ಮೆಚ್ಚುವುದಿಲ್ಲ.

ಪೈಲ್ವಾನನನ್ನು ತಕ್ಕಡಿಗೆ ಹತ್ತಿಸಬಹುದು. ಒಂದು ಶಾಲೆಯನ್ನು ತೂಗುವುದು ಹೇಗೆ? ನೂರು ಮಕ್ಕಳ ಹಳ್ಳಿ ಶಾಲೆಯ ತಂಡವನ್ನು ಮೂರು ಸಾವಿರ ಮಕ್ಕಳ ನಗರದ ಶಾಲೆಯ ಎದುರು ನಿಲ್ಲಿಸಬಹುದೇ? ನಿಲ್ಲಿಸಬಾರದು ಎಂದಾದರೆ ಗೆರೆ ಎಳೆಯಬೇಕಾದ್ದು ಎಲ್ಲಿ? ಅಮೆರಿಕದ ರಾಜ್ಯಗಳು ದಶಕಗಳಿಂದ ಈ ಪ್ರಶ್ನೆಯೊಂದಿಗೆ ಹೆಣಗುತ್ತಿವೆ. ಅಲ್ಲಿ ಹೈಸ್ಕೂಲು ಎಂದರೆ ನಮ್ಮ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ನಾಲ್ಕು ವರ್ಷ. ಆ ನಾಲ್ಕು ವರ್ಷಗಳ ದಾಖಲಾತಿಯನ್ನು ಎಣಿಸಿ, ಹತ್ತಿರದ ಸಂಖ್ಯೆಯ ಶಾಲೆಗಳನ್ನು ಒಂದು ದರ್ಜೆಗೆ ಸೇರಿಸುವುದು ಅವರು ಕಂಡುಕೊಂಡ ದಾರಿ. ಹೇಳುವಾಗ ಸರಳವಾಗಿ ಕೇಳಿಸುವ ಈ ಲೆಕ್ಕದ ಸುತ್ತ ಊರುಗಳೇ ಜಗಳಕ್ಕೆ ನಿಂತಿವೆ, ಶಾಸನಸಭೆಗಳಲ್ಲಿ ಚರ್ಚೆಯಾಗಿದೆ.

ಟೆಕ್ಸಸ್‌ ರಾಜ್ಯವನ್ನೇ ನೋಡಿ. ಅಕ್ಟೋಬರ್ ತಿಂಗಳ ಕೊನೆಯ ಶುಕ್ರವಾರ ಶಾಲೆಯ ದಾಖಲೆಯಲ್ಲಿ ಎಷ್ಟು ಮಕ್ಕಳಿದ್ದಾರೋ ಅದೇ ಅಧಿಕೃತ ಸಂಖ್ಯೆ. ಆ ದಿನವನ್ನು ‘ಸ್ನ್ಯಾಪ್‌ಶಾಟ್ ಡೇ’ ಎನ್ನುತ್ತಾರೆ. ಎರಡು ವರ್ಷಕ್ಕೊಮ್ಮೆ ಈ ಸಂಖ್ಯೆಗಳನ್ನು ಮುಂದಿಟ್ಟುಕೊಂಡು ಯೂನಿವರ್ಸಿಟಿ ಇಂಟರ್‌ಸ್ಕೊಲಾಸ್ಟಿಕ್ ಲೀಗ್ ಎಂಬ ಸಂಸ್ಥೆ 1,400ಕ್ಕೂ ಹೆಚ್ಚು ಹೈಸ್ಕೂಲುಗಳನ್ನು 1ಎಯಿಂದ 6ಎವರೆಗೆ ಆರು ದರ್ಜೆಗಳಿಗೆ ಹಂಚುತ್ತದೆ. 2024ರಿಂದ 2026ರವರೆಗಿನ ಅವಧಿಗೆ 2,275 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆ 6ಎ. 105ಕ್ಕಿಂತ ಕಡಿಮೆ ಇದ್ದರೆ 1ಎ. ಒಂದು ದರ್ಜೆಯೊಳಗೆ ಮತ್ತೆ ಭೂಪಟ ನೋಡಿ ಅಕ್ಕಪಕ್ಕದ ಶಾಲೆಗಳನ್ನು ಒಂದೊಂದು ಡಿಸ್ಟ್ರಿಕ್ಟ್‌ಗೆ ಸೇರಿಸುತ್ತಾರೆ. ಅಕ್ಕಪಕ್ಕ ಎಂದರೆ ಪಶ್ಚಿಮ ಟೆಕ್ಸಸ್‌ನ ಬಯಲಿನಲ್ಲಿ ನೂರಾರು ಕಿಲೋಮೀಟರ್ ಬಸ್ ಪ್ರಯಾಣವೂ ಆಗಬಹುದು.

ಹೊಸ ಹಂಚಿಕೆ ಪ್ರಕಟವಾಗುವುದು ಫೆಬ್ರವರಿ ಆರಂಭದಲ್ಲಿ. ಆ ಬೆಳಿಗ್ಗೆ ಕೋಚ್‌ಗಳು ಆಯಾ ಪ್ರಾದೇಶಿಕ ಶಿಕ್ಷಣ ಕೇಂದ್ರದಲ್ಲಿ ಸೇರಿರುತ್ತಾರೆ. ಪಟ್ಟಿ ಕೈಗೆ ಬಂದ ಕೂಡಲೇ ಯಾರು ನಮ್ಮ ಗುಂಪಿನಲ್ಲಿ, ಎಷ್ಟು ದೂರ, ಯಾರ ಜೊತೆ ಹೆಚ್ಚುವರಿ ಪಂದ್ಯ ಗೊತ್ತುಮಾಡಬೇಕು ಎಂಬ ಓಡಾಟ ಶುರುವಾಗುತ್ತದೆ. ಐದಾರು ಮಕ್ಕಳ ವ್ಯತ್ಯಾಸದಲ್ಲಿ ಒಂದು ಶಾಲೆ ಮೇಲಿನ ದರ್ಜೆಗೆ ಹೋಗಿ, ಆ ದರ್ಜೆಯ ಅತಿ ಚಿಕ್ಕ ಶಾಲೆಯಾಗಿ ಎರಡು ವರ್ಷ ಒದ್ದಾಡಬಹುದು. ಅದೇ ಐದಾರು ಮಕ್ಕಳು ಕಡಿಮೆಯಿದ್ದರೆ ಕೆಳಗಿನ ದರ್ಜೆಯ ದೊಡ್ಡಣ್ಣನಾಗಿ ಮೆರೆಯಬಹುದು. ಒಂದು ಸ್ವಾರಸ್ಯವನ್ನೂ ಹೇಳಿಬಿಡುತ್ತೇನೆ: ಈ ಲೀಗ್ 1910ರಲ್ಲಿ ಹುಟ್ಟಿದ್ದು ಚರ್ಚಾಸ್ಪರ್ಧೆ ನಡೆಸಲು. ಇಂದಿಗೂ ಚರ್ಚೆ, ಏಕಾಂಕ ನಾಟಕ, ವಾದ್ಯಮೇಳಗಳ ಸ್ಪರ್ಧೆಗಳಿಗೂ ಅಲ್ಲಿ ದರ್ಜೆಗಳುಂಟು. ನಾಟಕದಲ್ಲೂ ಸಣ್ಣ ಶಾಲೆ ಸಣ್ಣ ಶಾಲೆಯ ಜೊತೆಗೇ ಸ್ಪರ್ಧಿಸುತ್ತದೆ.

ಸಂಖ್ಯೆಗೆ ಇಷ್ಟು ಬೆಲೆ ಏಕೆ? ಬ್ಯಾಸ್ಕೆಟ್‌ಬಾಲ್‌ಗೆ ಬೇಕಾದ್ದು ಐದು ಜನ. ಎಂಬತ್ತು ಹುಡುಗರಲ್ಲಿ ಆರೂವರೆ ಅಡಿ ಎತ್ತರದವನೊಬ್ಬ ಸಿಗುವುದು ಅದೃಷ್ಟ. ಸಾವಿರದ ಐನೂರು ಹುಡುಗರಲ್ಲಿ ಒಂದಿಬ್ಬರು ಸಿಕ್ಕೇ ಸಿಗುತ್ತಾರೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಅಂತರ ಇನ್ನೂ ಕಠೋರ. ದೊಡ್ಡ ಶಾಲೆಯಲ್ಲಿ ದಾಳಿಗೆ ಹನ್ನೊಂದು ಮಂದಿ, ರಕ್ಷಣೆಗೆ ಬೇರೆ ಹನ್ನೊಂದು ಮಂದಿ, ಬೆಂಚಿನ ಮೇಲೆ ಇನ್ನೂ ಹತ್ತಾರು ಜನ. ಸಣ್ಣ ಶಾಲೆಯ ಹುಡುಗ ದಾಳಿಗೂ ಅವನೇ, ರಕ್ಷಣೆಗೂ ಅವನೇ. ಪಂದ್ಯದ ಕೊನೆಯ ಹೊತ್ತಿಗೆ ಸುಸ್ತಾದ ಮೈಯಲ್ಲಿ ತನಗಿಂತ ಮೂವತ್ತು ಕಿಲೋ ಭಾರದವನಿಗೆ ಎದೆ ಕೊಡಬೇಕು. ಮೂಳೆ ಮುರಿಯುವುದು ಅಂಥ ಹೊತ್ತಿನಲ್ಲಿ. ಹಾಗಾಗಿ ದರ್ಜೆಗಳ ಪ್ರಶ್ನೆ ಟ್ರೋಫಿಗೆ ಸಂಬಂಧಿಸಿದ್ದಷ್ಟೇ ಅಲ್ಲ, ಮಕ್ಕಳ ಮೈಗೆ ಸಂಬಂಧಿಸಿದ್ದೂ ಹೌದು.

ಇಷ್ಟೆಲ್ಲ ಇದ್ದರೂ ದರ್ಜೆಗಳೇ ಬೇಡವೆಂದು ಎಂಬತ್ತಾರು ವರ್ಷ ಪಟ್ಟು ಹಿಡಿದ ರಾಜ್ಯವೊಂದಿತ್ತು. ಅದು ಇಂಡಿಯಾನಾ. ಬ್ಯಾಸ್ಕೆಟ್‌ಬಾಲ್ ಅಲ್ಲಿನ ಊರಹಬ್ಬ. 1911ರಲ್ಲಿ ಶುರುವಾದ ರಾಜ್ಯಮಟ್ಟದ ಪಂದ್ಯಾವಳಿಯಲ್ಲಿ ಹಳ್ಳಿಶಾಲೆಯಿಂದ ಹಿಡಿದು ಇಂಡಿಯಾನಾಪೊಲಿಸ್‌ನ ದೈತ್ಯ ಶಾಲೆಯವರೆಗೆ ಎಲ್ಲರಿಗೂ ಒಂದೇ ಕಣ, ಕೊನೆಗೆ ಒಬ್ಬನೇ ಚಾಂಪಿಯನ್. ಆ ಪದ್ಧತಿಯ ಪರವಾಗಿ ಯಾರೇ ಮಾತಾಡಿದರೂ ಮೊದಲು ಹೇಳುತ್ತಿದ್ದ ಹೆಸರು ಮೈಲನ್.

ರಾಜ್ಯದ ಆಗ್ನೇಯ ಮೂಲೆಯ ರಿಪ್ಲಿ ಕೌಂಟಿಯಲ್ಲಿ ಮೈಲನ್ ಎಂಬ ಪುಟ್ಟ ಊರಿದೆ. 1954ರಲ್ಲಿ ಅಲ್ಲಿನ ಹೈಸ್ಕೂಲಿನಲ್ಲಿದ್ದವರು 161 ಮಕ್ಕಳು, ಅದರಲ್ಲಿ ಹುಡುಗರು ಅರ್ಧಕ್ಕೂ ಕಡಿಮೆ. ಆ ವರ್ಷ ಪಂದ್ಯಾವಳಿಗೆ ಇಳಿದದ್ದು 751 ಶಾಲೆಗಳು. ಮಾರ್ಚ್ 20ರ ರಾತ್ರಿ ಇಂಡಿಯಾನಾಪೊಲಿಸ್‌ನ ಬಟ್ಲರ್ ಫೀಲ್ಡ್‌ಹೌಸ್‌ನಲ್ಲಿ ಫೈನಲ್. ಎದುರಾಳಿ ಮನ್ಸಿ ಸೆಂಟ್ರಲ್. ಮೈಲನ್‌ಗಿಂತ ಎಷ್ಟೋ ಪಟ್ಟು ದೊಡ್ಡ ಶಾಲೆ, ಅದಾಗಲೇ ನಾಲ್ಕು ಬಾರಿ ರಾಜ್ಯ ಗೆದ್ದ ತಂಡ. ಮೈಲನ್‌ನ ಕೋಚ್ ಮಾರ್ವಿನ್ ವುಡ್‌ಗೆ ಆಗ 26 ವರ್ಷ. ಕೊನೆಯ ಕ್ವಾರ್ಟರ್‌ನಲ್ಲಿ ಎರಡು ಅಂಕ ಹಿಂದಿದ್ದರೂ ಬಾಬಿ ಪ್ಲಂಪ್ ಎಂಬ ಹುಡುಗ ಚೆಂಡನ್ನು ನಾಲ್ಕು ನಿಮಿಷಕ್ಕೂ ಹೆಚ್ಚು ಹೊತ್ತು ಕೈಯಲ್ಲೇ ಇಟ್ಟುಕೊಂಡು ನಿಂತ. ಇಷ್ಟು ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕೆಂಬ ನಿಯಮ ಆಗ ಇರಲಿಲ್ಲ. ಎತ್ತರದ ಎದುರಾಳಿಗೆ ಚೆಂಡೇ ಸಿಗದಿದ್ದರೆ ಅವನ ಎತ್ತರ ಯಾವ ಕೆಲಸಕ್ಕೆ ಬಂದೀತು ಎಂಬುದು ವುಡ್ ಹಾಕಿದ್ದ ಲೆಕ್ಕ. ಕಡೆಗೆ 30–30ರ ಸಮಬಲದಲ್ಲಿ ಕೊನೆಯ ಕ್ಷಣಗಳು. ಪ್ಲಂಪ್ ಎಸೆದ ಚೆಂಡು ಬುಟ್ಟಿಗೆ ಬಿತ್ತು. 32–30.

ಈ ಗೆಲುವಿನ ಪ್ರೇರಣೆಯಿಂದ 1986ರಲ್ಲಿ ಜೀನ್ ಹ್ಯಾಕ್‌ಮನ್ ಕೋಚ್ ಆಗಿ ನಟಿಸಿದ ‘ಹೂಸಿಯರ್ಸ್’ ಚಿತ್ರ ಬಂತು. ಚಿತ್ರದಲ್ಲಿ ಅದೊಂದು ಪವಾಡ. ನಿಜದ ಮೈಲನ್ ಪವಾಡವಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಿಂದಿನ ವರ್ಷವೇ ಅವರು ರಾಜ್ಯದ ಕೊನೆಯ ನಾಲ್ಕರಲ್ಲಿದ್ದರು. ಪ್ಲಂಪ್ ಮತ್ತು ಕೆಲವು ಗೆಳೆಯರು ಪಿಯರ್ಸ್‌ವಿಲ್ ಎಂಬ ಕೈಬೆರಳೆಣಿಕೆಯ ಮನೆಗಳ ಹಳ್ಳಿಯಲ್ಲಿ ಚಿಕ್ಕಂದಿನಿಂದ ಒಟ್ಟಿಗೆ ಆಡಿ ಬೆಳೆದವರು. ವರ್ಷಗಟ್ಟಲೆ ಬೆವರು ಹರಿಸಿದ ಒಂದು ತಲೆಮಾರು ಒಂದೇ ಊರಿನಲ್ಲಿ ಒಂದೇ ಕಾಲಕ್ಕೆ ಕೂಡಿಬಂದಿತ್ತು. ಅದನ್ನು ಪವಾಡ ಎಂದರೆ ಆ ಹುಡುಗರ ದುಡಿಮೆಗೆ ಅವಮಾನ. ಆದರೆ ಅದನ್ನು ನಿಯಮ ಎಂದರೂ ತಪ್ಪು: ಮೈಲನ್ ಗೆದ್ದ ಮೇಲೆ, ಒಂದೇ ಕಣದ ಪದ್ಧತಿ ಇದ್ದ ಇನ್ನೂ 43 ವರ್ಷಗಳಲ್ಲಿ, ಅಷ್ಟು ಚಿಕ್ಕ ಶಾಲೆ ಮತ್ತೊಮ್ಮೆ ರಾಜ್ಯ ಗೆಲ್ಲಲಿಲ್ಲ.

ಎಲ್ಲರಿಗೂ ತೆರೆದ ಕಣ ಎಂಬ ಮಾತಿನ ಒಳಗನ್ನೂ ನೋಡಬೇಕು. ಅದೇ 1954ರಲ್ಲಿ ಮೈಲನ್ ದಾರಿಯಲ್ಲಿ ಸೋಲಿಸಿದ ತಂಡಗಳಲ್ಲಿ ಕ್ರಿಸ್ಪಸ್ ಆಟಕ್ಸ್ ಒಂದು. 1927ರಲ್ಲಿ ಇಂಡಿಯಾನಾಪೊಲಿಸ್‌ನ ಕರಿಯ ಮಕ್ಕಳನ್ನು ಬೇರ್ಪಡಿಸಿ ಕೂರಿಸಲೆಂದೇ ಕಟ್ಟಿದ ಶಾಲೆ ಅದು. 1942ರವರೆಗೆ ಕರಿಯರ ಶಾಲೆಗಳಿಗೂ ಕ್ಯಾಥೊಲಿಕ್ ಶಾಲೆಗಳಿಗೂ ರಾಜ್ಯ ಪಂದ್ಯಾವಳಿಯ ಬಾಗಿಲು ಮುಚ್ಚಿತ್ತು. 1955ರಲ್ಲಿ ಆಸ್ಕರ್ ರಾಬರ್ಟ್‌ಸನ್ ಎಂಬ ಹುಡುಗನನ್ನು ಮುಂದಿಟ್ಟುಕೊಂಡು ಆಟಕ್ಸ್ ರಾಜ್ಯ ಗೆದ್ದಿತು. ಕರಿಯ ಮಕ್ಕಳ ಶಾಲೆಯೊಂದು ಮುಕ್ತ ರಾಜ್ಯ ಪ್ರಶಸ್ತಿ ಗೆದ್ದದ್ದು ಇಡೀ ಅಮೆರಿಕದಲ್ಲಿ ಅದೇ ಮೊದಲು. ಮರುವರ್ಷ ಒಂದೂ ಪಂದ್ಯ ಸೋಲದೆ ಮತ್ತೆ ಗೆದ್ದರು. ಆದರೂ 1955ರ ವಿಜಯ ಮೆರವಣಿಗೆಯನ್ನು ನಗರದ ಹೃದಯಭಾಗದಲ್ಲಿ ಒಂದು ಸುತ್ತು ಹಾಕಿಸಿ ಕರಿಯರ ಬಡಾವಣೆಯ ಉದ್ಯಾನಕ್ಕೆ ಕಳಿಸಿಬಿಟ್ಟರು. ಮೈಲನ್ ಕತೆ ಸಿನಿಮಾ ಆಯಿತು, ಆಟಕ್ಸ್ ಕತೆ ಬಹುಕಾಲ ಪಕ್ಕಕ್ಕೆ ಸರಿಯಿತು. ನನಗೆ ಇಂಡಿಯಾನಾದ ಕತೆಯಲ್ಲಿ ದೊಡ್ಡದು ಆಟಕ್ಸ್.

ಇನ್ನು ಹೆಣ್ಣುಮಕ್ಕಳು. ಮೈಲನ್‌ನ 161ರ ಲೆಕ್ಕದಲ್ಲಿ ಅವರೂ ಇದ್ದರು, ಕಣದಲ್ಲಿ ಇರಲಿಲ್ಲ. ಇಂಡಿಯಾನಾದಲ್ಲಿ ಹುಡುಗಿಯರಿಗೆ ರಾಜ್ಯ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ಬಂದದ್ದು 1976ರಲ್ಲಿ. ಶಿಕ್ಷಣದಲ್ಲಿ ಲಿಂಗಭೇದ ಸಲ್ಲದೆಂದು 1972ರಲ್ಲಿ ಒಕ್ಕೂಟ ಸರ್ಕಾರದ ಕಾನೂನು ಬಂದ ಮೇಲೆ. ಹಳೆಯ ಪದ್ಧತಿ ಎಷ್ಟು ನ್ಯಾಯವಾಗಿತ್ತು ಎಂದು ನಿಟ್ಟುಸಿರು ಬಿಡುವವರು ಇದನ್ನು ಮರೆಯಬಾರದು.

ಈ ನಡುವೆ ಹಳ್ಳಿಶಾಲೆಗಳೇ ಕರಗುತ್ತ ಬಂದವು. 1959ರಲ್ಲಿ ಇಂಡಿಯಾನಾ ಶಾಲೆಗಳನ್ನು ಮರುಸಂಘಟಿಸುವ ಕಾನೂನು ತಂದಿತು. ಮೂರು ನಾಲ್ಕು ಊರಿನ ಶಾಲೆಗಳನ್ನು ಸೇರಿಸಿ ಒಂದು ಮಾಡಿದರು. 1997ರ ಹೊತ್ತಿಗೆ ಪಂದ್ಯಾವಳಿಯಲ್ಲಿ ಉಳಿದದ್ದು 382 ತಂಡಗಳು. ಉಳಿದ ಸಣ್ಣ ಶಾಲೆಗಳು ಮೊದಲ ವಾರದಲ್ಲೇ ದೊಡ್ಡ ಶಾಲೆಗೆ ಸಿಕ್ಕಿ ಹೊರಬೀಳುತ್ತಿದ್ದವು. 1996ರಲ್ಲಿ ರಾಜ್ಯದ ಅಥ್ಲೆಟಿಕ್ ಸಂಘದ ಮಂಡಳಿ ನಾಲ್ಕು ದರ್ಜೆಗಳ ಪರವಾಗಿ 12–5ರಿಂದ ಮತ ಹಾಕಿತು. ಹಳೆಯ ಪದ್ಧತಿ ಉಳಿಸಲು ಹೋರಾಟ ಕಟ್ಟಿದವರ ಮುಂಚೂಣಿಯಲ್ಲಿದ್ದವರು ಅದೇ ಬಾಬಿ ಪ್ಲಂಪ್. ಪ್ರಶ್ನೆ ಶಾಲಾ ಪ್ರಾಂಶುಪಾಲರ ಮತಕ್ಕೆ ಹೋಯಿತು; ಅವರೂ ದರ್ಜೆಗಳನ್ನೇ ಒಪ್ಪಿದರು. 1997ರಲ್ಲಿ ಬ್ಲೂಮಿಂಗ್ಟನ್ ನಾರ್ತ್ ಕೊನೆಯ ಏಕೈಕ ಚಾಂಪಿಯನ್ ಆಯಿತು. ಮರುವರ್ಷದಿಂದ ರಾಜ್ಯಕ್ಕೆ ನಾಲ್ವರು ಚಾಂಪಿಯನ್ನರು. ನಾಲ್ವರನ್ನೂ ಮತ್ತೆ ಕೂಡಿಸಿ ಆಡಿಸುವ ಪಂದ್ಯಾವಳಿಯೊಂದನ್ನು ಎರಡು ವರ್ಷ ನಡೆಸಿ ನೋಡಿ ಕೈಬಿಟ್ಟರು. ಪ್ರೇಕ್ಷಕರು ಕಡಿಮೆಯಾದರು. 1990ರಲ್ಲಿ ಒಂದೇ ಫೈನಲ್ ನೋಡಲು 41,046 ಜನ ಸೇರಿದ್ದ ರಾಜ್ಯ ಅದು. ಆ ನಷ್ಟ ನಿಜ, ಅಲ್ಲಿನ ಜನರ ದುಃಖವೂ ನಿಜ. ಕೆಂಟಕಿ ಇಂದಿಗೂ ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಬ್ಬನೇ ಚಾಂಪಿಯನ್ ಎಂಬ ಪದ್ಧತಿಯನ್ನು ಬಿಟ್ಟಿಲ್ಲ.

ಆದರೂ ನಾನು ಆ ಪ್ರಾಂಶುಪಾಲರ ಪಕ್ಷ. ನಲವತ್ತು ವರ್ಷಕ್ಕೊಮ್ಮೆ ಒಂದು ಊರಿಗೆ ಸಿಗುವ ಅಮರ ರಾತ್ರಿಗಾಗಿ ಪ್ರತಿವರ್ಷ ನೂರಾರು ಶಾಲೆಗಳ ಮಕ್ಕಳು ಮೊದಲ ವಾರದಲ್ಲೇ ಮಣ್ಣು ಮುಕ್ಕಬೇಕು ಎನ್ನುವುದನ್ನು ಒಪ್ಪಲು ನನ್ನಿಂದಾಗದು. ಹದಿನಾರು ವರ್ಷದ ಹುಡುಗಿಗೆ ಪಂದ್ಯದ ಕೊನೆಯ ನಿಮಿಷದಲ್ಲೂ ಗೆಲ್ಲಬಹುದು ಎನಿಸಬೇಕು. ಶಾಲಾ ಕ್ರೀಡೆ ಕೊಡಬೇಕಾದ್ದು ಅದನ್ನು. ನೋಡುವವರ ಸಂತೋಷ ಆಮೇಲಿನ ಮಾತು.

ದರ್ಜೆ ಮಾಡಿದ ಮೇಲೂ ನ್ಯಾಯದ ಪ್ರಶ್ನೆ ಮುಗಿಯಲಿಲ್ಲ. ಎರಡು ಶಾಲೆಗಳಲ್ಲಿ ಐನೂರೈನೂರು ಮಕ್ಕಳಿದ್ದರೆ ಅವು ಸಮವೇ? ಒಂದು, ತನ್ನ ಗಡಿಯೊಳಗೆ ಹುಟ್ಟಿದ ಮಕ್ಕಳನ್ನೆಲ್ಲ ಸೇರಿಸಿಕೊಳ್ಳಲೇಬೇಕಾದ ಸರ್ಕಾರಿ ಶಾಲೆ. ಇನ್ನೊಂದು, ಎಲ್ಲಿಂದ ಬೇಕಾದರೂ ಮಕ್ಕಳನ್ನು ತರಬಲ್ಲ ಖಾಸಗಿ ಶಾಲೆ. ಇಲಿನಾಯ್ ರಾಜ್ಯ 2005ರಲ್ಲಿ ಇದಕ್ಕೊಂದು ಗುಣಕ ತಂದಿತು: ಗಡಿಯಿಲ್ಲದ ಶಾಲೆಗಳ ದಾಖಲಾತಿಯನ್ನು 1.65ರಿಂದ ಗುಣಿಸುವುದು. ಸಾವಿರ ಮಕ್ಕಳ ಖಾಸಗಿ ಶಾಲೆ ಕ್ರೀಡೆಯ ಲೆಕ್ಕಕ್ಕೆ 1,650 ಮಕ್ಕಳ ಶಾಲೆ. ಇಂಡಿಯಾನಾ ಇನ್ನೊಂದು ದಾರಿ ಹಿಡಿಯಿತು. ಎರಡು ವರ್ಷಗಳಲ್ಲಿ ಗೆಲುವಿಗೆ ಅಂಕ ಕೊಟ್ಟು, ಆರು ಅಂಕ ತಲುಪಿದ ತಂಡವನ್ನು, ಅದು ಸರ್ಕಾರಿಯೋ ಖಾಸಗಿಯೋ ನೋಡದೆ, ಮೇಲಿನ ದರ್ಜೆಗೆ ಏರಿಸುವುದು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಂತೂ ಹಲವು ಆಟಗಳಲ್ಲಿ ತಲೆಯೆಣಿಕೆಯನ್ನೇ ಬದಿಗಿಟ್ಟು ತಂಡದ ಇತ್ತೀಚಿನ ಬಲ ನೋಡಿ ಗುಂಪು ಮಾಡುತ್ತಾರೆ.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದ್ದು ಮಿನೆಸೋಟ ರಾಜ್ಯದ ಸೂತ್ರ. ಅಲ್ಲಿ ಬಡಕುಟುಂಬದ ಮಕ್ಕಳು ಶಾಲೆಯಲ್ಲಿ ಉಚಿತ ಅಥವಾ ರಿಯಾಯಿತಿ ದರದ ಊಟಕ್ಕೆ ಅರ್ಹರು. ಆ ಮಕ್ಕಳ ಸಂಖ್ಯೆಯ ಶೇ 40ರಷ್ಟನ್ನು ದಾಖಲಾತಿಯಿಂದ ಕಳೆದು ಉಳಿದದ್ದನ್ನು ದರ್ಜೆಯ ಲೆಕ್ಕಕ್ಕೆ ಹಿಡಿಯುತ್ತಾರೆ. ಸಾವಿರ ಮಕ್ಕಳ ಶಾಲೆಯಲ್ಲಿ ಐನೂರು ಮಂದಿ ಊಟದ ಪಟ್ಟಿಯಲ್ಲಿದ್ದರೆ ಆ ಶಾಲೆ 800 ಮಕ್ಕಳದೆಂದು ಲೆಕ್ಕ. ಕಾರಣ ಸ್ಪಷ್ಟ: ಸಂಜೆ ಅಂಗಡಿಯಲ್ಲಿ ದುಡಿಯಬೇಕಾದ, ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕಾದ, ಶೂ ಕೊಳ್ಳಲಾಗದ, ಅಭ್ಯಾಸ ಮುಗಿದ ಮೇಲೆ ಮನೆಗೆ ಕರೆದೊಯ್ಯಲು ಕಾರಿಲ್ಲದ ಮಕ್ಕಳು ಆಟಕ್ಕೆ ಬರುವುದು ಕಷ್ಟ. ಅವರು ದಾಖಲೆಯಲ್ಲಿರುತ್ತಾರೆ, ಮೈದಾನದಲ್ಲಿರುವುದಿಲ್ಲ. ಅಯೋವ ರಾಜ್ಯವೂ 2023ರಲ್ಲಿ ಫುಟ್‌ಬಾಲ್‌ಗೆ ಇಂಥದೇ ಕ್ರಮ ತಂದಿತು. ಬಡತನವನ್ನು ಕ್ರೀಡೆಯ ಲೆಕ್ಕದಲ್ಲಿ ಒಪ್ಪಿಕೊಂಡ ಈ ಸೂತ್ರವನ್ನು ಬರೆದವರಿಗೆ ಶಾಲೆಯ ಒಳಗೂ ಹೊರಗೂ ಗೊತ್ತಿತ್ತು.

ತೀರಾ ಚಿಕ್ಕ ಶಾಲೆಗಳಿಗೆ ದರ್ಜೆಯೂ ಸಾಲದು, ಆಟವನ್ನೇ ಬದಲಿಸಬೇಕು. 1934ರಲ್ಲಿ ನೆಬ್ರಾಸ್ಕದಲ್ಲಿ ಸ್ಟೀಫನ್ ಎಪ್ಲರ್ ಎಂಬ ಕೋಚ್ ಆರೇ ಜನರ ಫುಟ್‌ಬಾಲ್ ರೂಪಿಸಿದರು. ಮಹಾ ಆರ್ಥಿಕ ಕುಸಿತದ ಕಾಲ. ಹನ್ನೊಂದು ಹುಡುಗರನ್ನು ಹೊಂದಿಸಲಾಗದ ಊರುಗಳು ಆಟವನ್ನೇ ಬಿಡುವ ಸ್ಥಿತಿಯಲ್ಲಿದ್ದವು. ಮೈದಾನ ಚಿಕ್ಕದು, ಎಂಬತ್ತು ಗಜ ಉದ್ದ, ನಲವತ್ತು ಗಜ ಅಗಲ. ಆಡುವ ಆರೂ ಮಂದಿ ಪಾಸ್ ಹಿಡಿಯಬಹುದು. ದ್ವಿತೀಯಾರ್ಧದಲ್ಲಿ ಅಂತರ 45 ಅಂಕ ತಲುಪಿದರೆ ಪಂದ್ಯ ಅಲ್ಲಿಗೇ ಮುಕ್ತಾಯ. ಟೆಕ್ಸಸ್‌ನ 1ಎ ಶಾಲೆಗಳು ಇಂದೂ ಆಡುವುದು ಈ ಆಟವನ್ನೇ.

ಟೆಕ್ಸಸ್‌ನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ಲೆಕ್ಕ ಮನೆಬಾಗಿಲಿನ ವಿಷಯ. ಡಲ್ಲಾಸ್‌ನ ಉತ್ತರಕ್ಕೆ ಅಕ್ಕಪಕ್ಕದಲ್ಲೇ ಇರುವ ಎರಡು ಊರುಗಳು ಆಲನ್ ಮತ್ತು ಫ್ರಿಸ್ಕೊ. ಆಲನ್ ತನ್ನ ಮಕ್ಕಳನ್ನೆಲ್ಲ ಒಂದೇ ಹೈಸ್ಕೂಲಿಗೆ ಕಳಿಸುತ್ತದೆ. ಅಲ್ಲಿ ಐದು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು. 2012ರಲ್ಲಿ ಆ ಶಾಲೆಗೆಂದು ಆರು ಕೋಟಿ ಡಾಲರ್ ವೆಚ್ಚದಲ್ಲಿ 18,000 ಆಸನಗಳ ಕ್ರೀಡಾಂಗಣ ಕಟ್ಟಿದರು. ಅದೇ ವರ್ಷದಿಂದ ಸತತ ಮೂರು ಬಾರಿ ಆಲನ್ ರಾಜ್ಯ ಫುಟ್‌ಬಾಲ್ ಚಾಂಪಿಯನ್. ಫ್ರಿಸ್ಕೊ ಉಲ್ಟಾ ದಾರಿ ಹಿಡಿಯಿತು. ಒಂದು ಹೈಸ್ಕೂಲಿನಲ್ಲಿ ಸುಮಾರು 2,100 ಮಕ್ಕಳಿಗಿಂತ ಹೆಚ್ಚು ಬೇಡವೆಂದು ಗೊತ್ತುಮಾಡಿಕೊಂಡು, ಊರು ಬೆಳೆದಂತೆ ಹೊಸ ಹೊಸ ಶಾಲೆ ಕಟ್ಟುತ್ತ ಹನ್ನೆರಡು ಹೈಸ್ಕೂಲುಗಳಿಗೆ ಬಂದು ನಿಂತಿದೆ. ಟ್ರೋಫಿಗಳ ಕಪಾಟು ನೋಡಿದರೆ ಆಲನ್ ಜಾಣ ಊರು. ನಾನು ಇನ್ನೊಂದು ಲೆಕ್ಕ ಹಾಕುತ್ತೇನೆ. ಆಲನ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಅಂಗಳಕ್ಕೆ ಮೊದಲು ಇಳಿಯುವ ಹುಡುಗಿಯರು ಐವರು. ಫ್ರಿಸ್ಕೊದಲ್ಲಿ ಅರವತ್ತು. ನಾಟಕದ ಮುಖ್ಯ ಪಾತ್ರ, ವಾದ್ಯಮೇಳದ ಮುಂದಾಳು, ಚರ್ಚಾ ತಂಡದ ನಾಯಕಿ, ಇವೂ ಒಂದಕ್ಕೆ ಹನ್ನೆರಡು. ಮಕ್ಕಳನ್ನು ಬೆಳೆಸುವುದೇ ಗುರಿಯಾದರೆ ಫ್ರಿಸ್ಕೊ ಮಾಡಿದ್ದು ಸರಿ.

ಈಗ ನಮ್ಮ ನೆಲಕ್ಕೆ ಬರೋಣ. ಕರ್ನಾಟಕದಲ್ಲಿ ಶಾಲಾ ಕ್ರೀಡಾಕೂಟಗಳು ಹೋಬಳಿಯಿಂದ ತಾಲ್ಲೂಕಿಗೆ, ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ ಏರುತ್ತವೆ. ನಾವು ವಯಸ್ಸು ನೋಡುತ್ತೇವೆ, ಶಾಲೆಯ ಗಾತ್ರ ನೋಡುವುದಿಲ್ಲ. ಎಂಟು, ಒಂಬತ್ತು, ಹತ್ತು ಸೇರಿ ಅರವತ್ತು ಮಕ್ಕಳಿರುವ ಸರ್ಕಾರಿ ಪ್ರೌಢಶಾಲೆಯಲ್ಲಿ ಹುಡುಗರು ಮೂವತ್ತಿದ್ದಾರು. ಕಬಡ್ಡಿಗೆ ಹನ್ನೆರಡು, ಖೋಖೋಗೆ ಹನ್ನೆರಡು. ಬೆಳಿಗ್ಗೆ ಕಬಡ್ಡಿ ಆಡಿದವನೇ ಮಧ್ಯಾಹ್ನ ಖೋಖೋಗೂ ಓಡಬೇಕು, ರಿಲೇಗೂ ನಿಲ್ಲಬೇಕು. ಎಷ್ಟೋ ಕಡೆ ದೈಹಿಕ ಶಿಕ್ಷಕರ ಹುದ್ದೆಯೇ ಇಲ್ಲ. ಗಣಿತದ ಮೇಷ್ಟ್ರು ವಿಸಿಲ್ ಹಿಡಿದಿರುತ್ತಾರೆ. ಎದುರಿಗೆ ಸಾವಿರಾರು ಮಕ್ಕಳ, ಮೈದಾನವೂ ತರಬೇತುದಾರರೂ ಇರುವ ಶಾಲೆ. ಆ ಅರವತ್ತು ಮಕ್ಕಳ ಶಾಲೆಯಿಂದಲೂ ಒಮ್ಮೊಮ್ಮೆ ರಾಜ್ಯಮಟ್ಟಕ್ಕೆ ತಂಡ ಬರುತ್ತದೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ, ನಾವೆಲ್ಲ ಸಂತೋಷಪಡುತ್ತೇವೆ. ಹೋಬಳಿಯ ಮೊದಲ ಸುತ್ತಿನಲ್ಲೇ ಸೋತು ಬಸ್ ಹತ್ತಿದ ಉಳಿದ ಶಾಲೆಗಳ ಚಿತ್ರ ಎಲ್ಲಿಯೂ ಬರುವುದಿಲ್ಲ.

ರಾಜ್ಯಮಟ್ಟದ ಪದ್ಧತಿಯನ್ನು ಬುಡಮೇಲು ಮಾಡಿ ಎಂದು ನಾನು ಕೇಳುತ್ತಿಲ್ಲ. ಹೋಬಳಿ ಮತ್ತು ತಾಲ್ಲೂಕು ಮಟ್ಟದಲ್ಲಿ ಗುಂಪು ಆಟಗಳಿಗೆ ಸಣ್ಣ ಶಾಲೆಗಳ ವಿಭಾಗವೊಂದನ್ನು ಸೇರಿಸಿದರೆ ಸಾಕು; ಅದರಲ್ಲಿ ಗೆದ್ದವರು ಬೇಕೆಂದರೆ ದೊಡ್ಡ ವಿಭಾಗಕ್ಕೂ ಇಳಿಯಲಿ. ಲೆಕ್ಕಕ್ಕೆ ಹೊಸದಾಗಿ ಏನೂ ಮಾಡಬೇಕಿಲ್ಲ, ಪ್ರತಿ ಶಾಲೆಯ ಮಕ್ಕಳ ಸಂಖ್ಯೆ ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಈಗಾಗಲೇ ಇದೆ. ಖರ್ಚು ಒಂದು ದಿನದ ಊಟ, ಸುಣ್ಣದ ಗೆರೆ, ಕೆಲವು ಟ್ರೋಫಿ. ಶಾಲಾ ಶಿಕ್ಷಣ ಇಲಾಖೆ ಒಂದು ಜಿಲ್ಲೆಯಲ್ಲಿ ಎರಡು ವರ್ಷ ಇದನ್ನು ನಡೆಸಿ ನೋಡಲಿ. ಓದುವ ದೈಹಿಕ ಶಿಕ್ಷಕರು, ಎಸ್‌ಡಿಎಂಸಿ ಸದಸ್ಯರು ಮುಂದಿನ ಹೋಬಳಿ ಕ್ರೀಡಾಕೂಟದ ಪೂರ್ವಭಾವಿ ಸಭೆಯಲ್ಲೇ ಈ ಮಾತನ್ನು ಎತ್ತಬೇಕು ಎಂದು ಕೇಳಿಕೊಳ್ಳುತ್ತೇನೆ.